ಭಾನುವಾರದ ಹಾಕಿಗೂ ಫೇಸ್ ಮಾಸ್ಕ್ ಬೇಕಾ? ಒಂದು ಹಲ್ಲು ಕಳ್ಕೊಂಡವನ ಲೆಕ್ಕಾಚಾರ

ಮೂರು ವಾರ ಎಪಿಸೋಡ್ ಬರ್ಲಿಲ್ಲ, ಎಲ್ಲಿ ಹೋಗಿದ್ಯಪ್ಪಾ ಅಂತ ತುಂಬಾ ಜನ ಮೆಸೇಜ್ ಮಾಡಿದ್ರಿ. ಎಲ್ಲೂ ಹೋಗಿರ್ಲಿಲ್ಲ, ಹಂಪಾಪುರದ ನಮ್ಮನೇಲೇ ಇದ್ದೆ. ಮೈಕ್ ಮುಂದೆ ಕೂತ್ಕೊಳ್ಳೋಕೆ ಆಗ್ತಿರ್ಲಿಲ್ಲ, ಅಷ್ಟೆ. ಮುಂದಿನ ಹಲ್ಲು ಒಂದು ಪೂರ್ತಿ ಹೋಯ್ತು, ಪಕ್ಕದ್ದು ಅರ್ಧ ಮುರೀತು. ‘ಸ’ ಅಂದ್ರೆ ಸಿಳ್ಳೆ, ‘ಫ’ ಅಂದ್ರೆ ಬರೀ ಗಾಳಿ. ಮಾತಾಡೋದೇ ಕೆಲಸ ಆದವನಿಗೆ ಇದಕ್ಕಿಂತ ಬೇರೆ ಶಿಕ್ಷೆ ಬೇಕಾ? ಈಗ ಇರೋದು ತಾತ್ಕಾಲಿಕ ಹಲ್ಲು. ಹಾಗಾಗಿ ಇವತ್ತು ದನಿ ಸ್ವಲ್ಪ ಬೇರೆ ಥರ ಕೇಳಿಸಿದ್ರೆ ಕ್ಷಮಿಸಿ.

ಕಾರಣ ಹಾಕಿ. ನಮ್ಮ ಎಚ್.ಡಿ. ಕೋಟೆ ಕಡೆ ಹುಡುಗರು ಬ್ಯಾಟು, ಕಬಡ್ಡಿ ಅಂತ ಬೆಳೀತಾರೆ. ನಾನು ಸ್ಟಿಕ್ ಹಿಡಿದಿದ್ದು ಮೈಸೂರಲ್ಲಿ ಬಿ.ಕಾಂ. ಓದುವಾಗ, ಕೊಡಗಿನ ಸ್ನೇಹಿತರ ಜೊತೆ. ಈಗಲೂ ತಿಂಗಳಿಗೆ ಎರಡು ಭಾನುವಾರ ಪಿರಿಯಾಪಟ್ಟಣದ ಕಡೆ ಒಂದು ಮಣ್ಣಿನ ಮೈದಾನದಲ್ಲಿ ಸೇರ್ತೀವಿ. ಬ್ಯಾಂಕಿನವರು, ಮೇಷ್ಟ್ರುಗಳು, ಕಾಫಿ ತೋಟದವರು, ಇಪ್ಪತ್ತೈದರಿಂದ ನಲವತ್ತೈದು ವಯಸ್ಸಿನವರು. ಕಪ್ ಇಲ್ಲ, ಸಂಬಳ ಇಲ್ಲ. ಆಟ, ಆಮೇಲೆ ಹೋಟೆಲ್‌ನಲ್ಲಿ ಇಡ್ಲಿ.

ಅವತ್ತು ಎದುರಾಳಿಗಳಿಗೆ ಪೆನಾಲ್ಟಿ ಕಾರ್ನರ್ ಸಿಕ್ತು. ನಾನು ಗೋಲ್ ಕಂಬದ ಪಕ್ಕ ನಿಂತಿದ್ದೆ. ಹೊಡೆತ ಏನೂ ಜೋರಾಗಿರ್ಲಿಲ್ಲ. ನಮ್ಮವನದೇ ಸ್ಟಿಕ್ಕಿಗೆ ತಾಗಿ ಚೆಂಡು ಮೇಲೆದ್ದು ನೇರ ಬಾಯಿಗೆ ಬಂತು. ಯಾರ ತಪ್ಪೂ ಅಲ್ಲ. ಮನೆಗೆ ಬಂದಾಗ ಅವ್ವ ಮುಖ ನೋಡಿ ಅಳ್ತಾ ಅಳ್ತಾನೇ ಕೇಳಿದ್ದು ಒಂದೇ ಮಾತು: “ಬೈಕಿಗೆ ಹೆಲ್ಮೆಟ್ ಹಾಕ್ತೀಯಲ್ಲೋ, ಇದಕ್ಕೇನೂ ಇಲ್ವಾ?”

ಉತ್ತರ ಗೊತ್ತಿರ್ಲಿಲ್ಲ. ಮೂರು ವಾರ ಬಾಯಿ ಮುಚ್ಕೊಂಡು ಇದನ್ನೇ ಓದ್ದೆ. ಇವತ್ತಿನ ಎಪಿಸೋಡ್ ಅವ್ವನ ಪ್ರಶ್ನೆಗೆ ಉತ್ತರ.

ಮೊದಲು ಚೆಂಡಿನ ವಿಷಯ. ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುತ್ತೆ. ಹೆಚ್ಚೂ ಕಮ್ಮಿ ಲೆದರ್ ಕ್ರಿಕೆಟ್ ಬಾಲಿನಷ್ಟೇ ತೂಕ, ಅಷ್ಟೇ ಗಟ್ಟಿ. ಲೆದರ್ ಬಾಲ್ ಎದುರಿಸೋಕೆ ಹೆಲ್ಮೆಟ್ ಇಲ್ದೆ ಯಾರೂ ಕ್ರೀಸಿಗೆ ಇಳಿಯಲ್ಲ. ಹಾಕಿಯಲ್ಲಿ ಗೋಲ್‌ಕೀಪರ್ ಒಬ್ಬರನ್ನ ಬಿಟ್ಟು ಉಳಿದ ಹತ್ತೂ ಜನರದ್ದು ಬರಿ ಮುಖ.

ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್‌ಕೀಪರ್ ಸೇರಿ ಐದು ಜನ ರಕ್ಷಣೆಗೆ ಇರ್ತಾರೆ. ಎದುರಾಳಿ 14.63 ಮೀಟರ್ ಅಳತೆಯ ವೃತ್ತದ ತುದಿಯಿಂದ ಹೊಡೀತಾನೆ. ಹೊಡೆದು ಗೋಲಿಗೆ ಕಳಿಸೋ ಮೊದಲ ಚೆಂಡು 460 ಮಿಲಿಮೀಟರ್, ಅಂದ್ರೆ ಗೋಲ್ ಹಲಗೆಯ ಎತ್ತರ ದಾಟಬಾರದು ಅನ್ನೋ ನಿಯಮ ಇದೆ. ಡ್ರ್ಯಾಗ್ ಫ್ಲಿಕ್‌ಗೆ ಆ ಮಿತಿ ಇಲ್ಲ. ಕೊಡಗಿನವರೇ ಆದ ವಿ.ಆರ್. ರಘುನಾಥ್ ಹೆಸರು ಮಾಡಿದ್ದು ಇದೇ ಡ್ರ್ಯಾಗ್ ಫ್ಲಿಕ್‌ನಲ್ಲಿ. ದೊಡ್ಡ ಮಟ್ಟದಲ್ಲಿ ಅದರ ವೇಗ ಗಂಟೆಗೆ 100 ಕಿಲೋಮೀಟರ್ ದಾಟುತ್ತೆ. ಲೆಕ್ಕ ಹಾಕಿ ನೋಡಿ: ಆ ವೇಗದಲ್ಲಿ ವೃತ್ತದ ತುದಿಯಿಂದ ಗೋಲಿಗೆ ಅರ್ಧ ಸೆಕೆಂಡು. ಎದುರಿಗೆ ಓಡಿ ಬರೋ ಡಿಫೆಂಡರ್‌ಗೆ ಅದಕ್ಕಿಂತಲೂ ಕಮ್ಮಿ.

ಅದಕ್ಕೇ ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್ ನಿಯಮ, ಪೆನಾಲ್ಟಿ ಕಾರ್ನರ್ ಮತ್ತೆ ಪೆನಾಲ್ಟಿ ಸ್ಟ್ರೋಕ್ ತಡೆಯುವಾಗ ಆಟಗಾರರಿಗೆ ನಯವಾದ, ಮುಖಕ್ಕೆ ಸರಿಯಾಗಿ ಕೂರೋ ಮಾಸ್ಕ್ ಹಾಕೋಕೆ ಅವಕಾಶ ಕೊಟ್ಟಿದೆ. ಟೋಕಿಯೋ ಒಲಿಂಪಿಕ್ಸ್‌ನ ಕಂಚಿನ ಪಂದ್ಯ ನೆನಪಿದೆಯಲ್ಲ? 2021ರ ಆಗಸ್ಟ್ 5, ಜರ್ಮನಿ ಮೇಲೆ 5-4. ಕೊನೇ ಸೆಕೆಂಡುಗಳಲ್ಲಿ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತ್ತು, ಶ್ರೀಜೇಶ್ ತಡೆದ್ರು. ಆ ವಿಡಿಯೋ ಇನ್ನೊಂದ್ಸಲ ಹಾಕಿ. ಈ ಸಲ ಶ್ರೀಜೇಶ್ ಅವರನ್ನ ಬಿಟ್ಟು ಉಳಿದ ನಾಲ್ಕು ಜನರ ಮುಖ ನೋಡಿ.

“ಅವರು ಒಲಿಂಪಿಕ್ಸ್ ಆಡೋರು ಗುರು, ನಾವು ಟೈಂಪಾಸ್‌ಗೆ ಆಡೋರು, ನಮಗ್ಯಾಕೆ?” ಇದು ನಮ್ಮ ಗ್ರೂಪಲ್ಲಿ ಎಲ್ಲರೂ ಹೇಳೋ ಮಾತು. ನಾನೂ ಹೇಳಿದ್ದೆ, ಹಲ್ಲು ಇದ್ದಾಗ. ಈಗ ನನಗೆ ಇದು ತಲೆಕೆಳಗಾದ ಲೆಕ್ಕ ಅನ್ಸುತ್ತೆ.

ಅವರು ಆಡೋದು ನುಣುಪಾದ ಟರ್ಫ್ ಮೇಲೆ. ನಮ್ಮದು ಮಣ್ಣು, ಮಧ್ಯೆ ಕಲ್ಲು, ಗರಿಕೆ ಹುಲ್ಲು. ಚೆಂಡು ಎಲ್ಲಿ ಪುಟಿಯುತ್ತೋ ದೇವರಿಗೇ ಗೊತ್ತು. ಅವರಿಗೆ ಸ್ಟಿಕ್ ಮೇಲೆ ಹಿಡಿತ ಇದೆ, ನಮ್ಮಲ್ಲಿ ಅರ್ಧ ಜನಕ್ಕೆ ಸ್ಟಿಕ್ ಭುಜದ ಮೇಲೆ ಹೋಗೋದೇ ಗೊತ್ತಾಗಲ್ಲ. ಅವರ ಮೈದಾನದ ಅಂಚಲ್ಲೇ ಡಾಕ್ಟ್ರು ಇರ್ತಾರೆ. ನಮಗೆ ಸೋಮವಾರ ಬೆಳಿಗ್ಗೆ ಕೆಲಸ ಇರುತ್ತೆ.

ಕೊಡಗಿನ ಹಾಕಿ ಹಬ್ಬವನ್ನೇ ತಗೊಳ್ಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ 60 ಕುಟುಂಬಗಳನ್ನ ಸೇರಿಸಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳಾಗಿ ಗಿನ್ನೆಸ್ ದಾಖಲೆ ಸೇರ್ತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ 396. ಒಂದೇ ಮನೆತನದ ತಂಡದಲ್ಲಿ ಅಜ್ಜ, ಸೊಸೆ, ಹೈಸ್ಕೂಲ್ ಹುಡುಗ ಎಲ್ಲರೂ ಆಡ್ತಾರೆ. ಆ ಹಬ್ಬದ ಸೊಗಸೇ ಅದು. ಎದುರಿಗೆ ರಾಷ್ಟ್ರಮಟ್ಟದಲ್ಲಿ ಆಡಿದವರೂ ಬರಬಹುದು. ಹವ್ಯಾಸದ ಆಟದಲ್ಲಿ ಇದೇ ಕಷ್ಟ: ಹೊಡೆಯೋರ ಶಕ್ತಿಗೂ ತಡೆಯೋರ ಅಭ್ಯಾಸಕ್ಕೂ ತಾಳೆ ಇರಲ್ಲ.

ಇನ್ನು ಮಾಸ್ಕ್ ಬೇಡ ಅನ್ನೋರ ವಾದ. ಒಂದು, “ಗಂಡಸ್ತನ” ಅನ್ನೋದು. 2002ರಲ್ಲಿ ಆಂಟಿಗಾದಲ್ಲಿ ಮರ್ವಿನ್ ಡಿಲ್ಲನ್ ಎಸೆತಕ್ಕೆ ನಮ್ಮ ಅನಿಲ್ ಕುಂಬ್ಳೆ ದವಡೆ ಮುರೀತು. ಮುಖಕ್ಕೆ ಬ್ಯಾಂಡೇಜ್ ಸುತ್ಕೊಂಡು ಬಂದು ಸತತ 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದ್ರು. ಕೇಳಿದ್ರೆ ಈಗಲೂ ಮೈ ಜುಂ ಅನ್ನುತ್ತೆ. ಆದ್ರೆ ಅವರು ಆಮೇಲೆ ಆಪರೇಷನ್‌ಗೆ ಬೆಂಗಳೂರಿಗೆ ವಾಪಸ್ ಬಂದ್ರು, ಆ ಭಾಗವನ್ನ ನಾವು ಯಾರಿಗೂ ಹೇಳಲ್ಲ. ಅದೂ ಅಲ್ದೆ, ಅವರು ದೇಶಕ್ಕೆ ಆಡ್ತಿದ್ರು. ನಾನು ಇಡ್ಲಿಗೆ ಆಡ್ತಿದ್ದೆ.

ಎರಡನೇದು ಸ್ವಲ್ಪ ತೂಕದ ವಾದ: ಮಾಸ್ಕ್ ಹಾಕಿದ್ರೆ ಧೈರ್ಯ ಜಾಸ್ತಿಯಾಗಿ ಒರಟಾಗಿ ಆಡ್ತಾರೆ. ಇದನ್ನ ತಳ್ಳಿಹಾಕೋ ಹಾಗಿಲ್ಲ. ನಿಯಮ ಕೂಡ, ರಕ್ಷಣಾ ಸಾಮಗ್ರಿ ಇದೆ ಅಂತ ಇನ್ನೊಬ್ಬರಿಗೆ ಅಪಾಯ ಮಾಡೋ ಹಾಗೆ ಆಡಬಾರದು ಅಂತ ಹೇಳುತ್ತೆ. ಆದ್ರೆ ಅಮೆರಿಕದ ಉದಾಹರಣೆ ನೋಡಿ. ಅಲ್ಲಿ 2011ರಲ್ಲಿ ಹೈಸ್ಕೂಲ್ ಹುಡುಗಿಯರ ಹಾಕಿಗೆ ಕಣ್ಣಿನ ರಕ್ಷಣೆಯ ಗಾಗಲ್ ಕಡ್ಡಾಯ ಮಾಡಿದ್ರು. ಆಗಲೇ ಕಡ್ಡಾಯ ಮಾಡಿದ್ದ ರಾಜ್ಯಗಳನ್ನೂ ಮಾಡದೇ ಇದ್ದ ರಾಜ್ಯಗಳನ್ನೂ ಹೋಲಿಸಿದ ಅಧ್ಯಯನ 2012ರಲ್ಲಿ ಬಂತು. ಗಾಗಲ್ ಇದ್ದ ಕಡೆ ಕಣ್ಣಿನ ಗಾಯ ಸ್ಪಷ್ಟವಾಗಿ ಕಮ್ಮಿ. ತಲೆಗೆ ಬೀಳೋ ಪೆಟ್ಟಿನಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರ್ಲಿಲ್ಲ.

ಹಾಗಾದ್ರೆ ಎಲ್ಲರೂ ಪೂರ್ತಿ ಆಟ ಮಾಸ್ಕ್ ಹಾಕ್ಬೇಕಾ? ಬೇಡ ಅಂತೀನಿ. ಸೆಖೆ, ಬೆವರು, ಅಕ್ಕಪಕ್ಕ ಕಾಣೋದು ಕಮ್ಮಿ. ಪಕ್ಕದಿಂದ ಬರೋ ಸ್ಟಿಕ್ ಕಾಣ್ದೇ ಇದ್ರೆ ಅದೂ ಅಪಾಯವೇ. ನಮ್ಮ ಗ್ರೂಪಿಗೆ ನಾನು ಹೇಳಿರೋದು ಮೂರು ಮಾತು.

ಮೊದಲನೇದು, ಮೌತ್‌ಗಾರ್ಡ್ ಎಲ್ಲರಿಗೂ, ಪೂರ್ತಿ ಆಟಕ್ಕೆ. ಬಿಸಿನೀರಲ್ಲಿ ಅದ್ದಿ ಕಚ್ಚಿದ್ರೆ ನಮ್ಮ ಹಲ್ಲಿನ ಆಕಾರಕ್ಕೇ ಕೂರೋ ಥರದ್ದು ಕೆಲವು ನೂರು ರೂಪಾಯಿಗೆ ಸಿಗುತ್ತೆ. ಒಂದೇ ಹಲ್ಲಿನ ಮೇಲೆ ಬೀಳೋ ಪೆಟ್ಟನ್ನ ಅದು ಹಂಚುತ್ತೆ, ತುಟಿ ನಾಲಗೆನೂ ಕಾಪಾಡುತ್ತೆ. ಕಣ್ಣು, ಕೆನ್ನೆ ಮೂಳೆಗೆ ಮಾತ್ರ ಅದರಿಂದ ಏನೂ ಪ್ರಯೋಜನ ಇಲ್ಲ.

ಎರಡನೇದು, ಪೆನಾಲ್ಟಿ ಕಾರ್ನರ್‌ಗೆ ನಾಲ್ಕು ಮಾಸ್ಕ್. ಒಬ್ಬೊಬ್ಬರೂ ಕೊಳ್ಳೋದು ಬೇಡ. ಗೋಲ್‌ಕೀಪರ್ ಪ್ಯಾಡ್ ಥರ ಎರಡೂ ತಂಡಕ್ಕೆ ಒಂದೇ ಸೆಟ್, ಗೋಲ್ ಹಿಂದೆ ಇಟ್ರೆ ಸಾಕು. ಕ್ರಿಕೆಟ್ ಹೆಲ್ಮೆಟ್, ಬೈಕ್ ಹೆಲ್ಮೆಟ್ ತರಬೇಡಿ, ಅದರ ಅಂಚು ಪಕ್ಕದವನ ಮುಖ ಸೀಳುತ್ತೆ.

ಮೂರನೇದಕ್ಕೆ ದುಡ್ಡೇ ಬೇಡ. ಮಣ್ಣಿನ ಮೈದಾನದಲ್ಲಿ ಕಾರ್ನರ್ ಹೊಡೆತ ನೆಲದ ಮೇಲೇ ಇರಲಿ, ಡ್ರ್ಯಾಗ್ ಫ್ಲಿಕ್ ಬೇಡ ಅಂತ ಟಾಸ್ ಹಾಕೋಕೆ ಮುಂಚೆ ಒಪ್ಕೊಳ್ಳಿ.

ಕಾಮರ್ಸ್ ಓದಿದವನು, ಲೆಕ್ಕ ಹೇಳ್ದೆ ಬಿಡಲ್ಲ. ನನ್ನ ಇಂಪ್ಲಾಂಟ್, ರೂಟ್ ಕೆನಾಲ್, ಕ್ಯಾಪ್ ಎಲ್ಲಾ ಸೇರಿ 38,000 ರೂಪಾಯಿ. ಇಪ್ಪತ್ತೆರಡು ಜನ ಸೇರಿ ಹಂಚ್ಕೊಂಡಿದ್ರೆ ಇಷ್ಟರಲ್ಲಿ ಎಲ್ಲರ ಮೌತ್‌ಗಾರ್ಡೂ ಬಂದು, ಮಾಸ್ಕಿಗೂ ದುಡ್ಡು ಉಳೀತಿತ್ತು.

ಕೊನೇದಾಗಿ, ಇದೊಂದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ದೊಡ್ಡವರ ಹಲ್ಲು ಬೇರು ಸಮೇತ ಬಿದ್ರೆ, ಬೇರು ಮುಟ್ಟಬೇಡಿ, ಬಿಳಿ ಭಾಗ ಹಿಡ್ಕೊಳ್ಳಿ. ಮಣ್ಣಾಗಿದ್ರೆ ನೀರಲ್ಲಿ ಒಂದು ಕ್ಷಣ ಅದ್ದಿ ತೆಗೀರಿ, ಉಜ್ಜಬೇಡಿ. ಆದ್ರೆ ಅದೇ ಜಾಗದಲ್ಲಿ ವಾಪಸ್ ಕೂರಿಸಿ ಬಟ್ಟೆ ಕಚ್ಕೊಳ್ಳಿ, ಇಲ್ದಿದ್ರೆ ತಣ್ಣನೆ ಹಾಲಲ್ಲಿ ಹಾಕಿ, ಅರ್ಧ ಗಂಟೆ, ಹೆಚ್ಚಂದ್ರೆ ಒಂದು ಗಂಟೆ ಒಳಗೆ ಡೆಂಟಿಸ್ಟ್ ಹತ್ರ ಓಡಿ. ನಾನೇನು ಮಾಡ್ದೆ ಗೊತ್ತಾ? ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಉಜ್ಜಿ ತೊಳೆದೆ, ಕರ್ಚೀಫಲ್ಲಿ ಸುತ್ತಿ ಜೇಬಲ್ಲಿ ಇಟ್ಕೊಂಡೆ, ಎರಡು ಗಂಟೆ ಬಿಟ್ಟು ಮೈಸೂರಿಗೆ ಹೋದೆ. ಮೈದಾನದ ಪಕ್ಕದ ಹೋಟೆಲಲ್ಲಿ ಹಾಲು ಇತ್ತು. ನಾವೆಲ್ಲಾ ಆಮೇಲೆ ಅದೇ ಹೋಟೆಲಲ್ಲೇ ತಾನೇ ಕಾಫಿ ಕುಡಿಯೋದು?

ಮುಂದಿನ ಭಾನುವಾರ ಮತ್ತೆ ಆಟ ಇದೆ. ನಾನು ಹೋಗ್ತೀನಿ. ಮೌತ್‌ಗಾರ್ಡ್ ಬ್ಯಾಗಲ್ಲಿದೆ, ಅವ್ವನೇ ಇಟ್ಟಿದ್ದು. ಮಾಸ್ಕಿಗೆ ಇದುವರೆಗೆ ಒಂಬತ್ತು ಜನ ದುಡ್ಡು ಹಾಕಿದ್ದಾರೆ. ಉಳಿದವರೂ ಈ ಎಪಿಸೋಡ್ ಕೇಳ್ತಿದ್ದೀರ ಅಂತ ನನಗೆ ಗೊತ್ತು. ಕಳಿಸ್ರಪ್ಪಾ.