ಮೊದಲ ಸ್ಥಾನದ ಹುಡುಗಿಯ ಕಣ್ಣೀರು

(ಅಕ್ಟೋಬರ್ 1: ಬಾಲಯೇಸುವಿನ ಸಂತ ತೆರೇಸಮ್ಮನವರ ಹಬ್ಬ)



ಶಿಲುಬೆ ಮತ್ತು ಗುಲಾಬಿಗಳನ್ನು ಎದೆಗವಚಿಕೊಂಡು ಮುಗುಳ್ನಗುವ ಸಂತ ತೆರೇಸಮ್ಮನವರ ಸ್ವರೂಪವನ್ನು ನಾವೆಲ್ಲ ನೋಡಿದ್ದೇವೆ. ಅವರು ಬಾಲ್ಯದಲ್ಲಿ ಮಾತು ಮಾತಿಗೂ ಅಳುತ್ತಿದ್ದರೆಂಬುದು ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿಯದು.

1873ರಲ್ಲಿ ಫ್ರಾನ್ಸಿನಲ್ಲಿ ಜನಿಸಿದ ಅವರು ನಾಲ್ಕೂವರೆ ವರ್ಷಕ್ಕೇ ತಾಯಿಯನ್ನು ಕಳೆದುಕೊಂಡರು. ಎಂಟೂವರೆ ವರ್ಷಕ್ಕೆ ಲಿಸಿಯೂ ನಗರದ ಕನ್ಯಾಸ್ತ್ರೀಯರ ಶಾಲೆ ಸೇರಿದರು. ತಮಗಿಂತ ದೊಡ್ಡ ಹುಡುಗಿಯರ ತರಗತಿಯಲ್ಲಿ ಕುಳಿತೂ ಎಷ್ಟೋ ಬಾರಿ ಅವರೇ ಮೊದಲು. ಅದೇ ಹೊಟ್ಟೆಕಿಚ್ಚಿಗೆ ಸಹಪಾಠಿಯೊಬ್ಬಳು ಕಾಡುತ್ತಿದ್ದಳು. ಇವರು ಮೌನವಾಗಿ ಅಳುತ್ತಿದ್ದರು. ಶಾಲೆಯ ಆ ಐದು ವರ್ಷಗಳೇ ತಮ್ಮ ಬಾಳಿನ ಅತಿ ದುಃಖದ ಕಾಲವೆಂದು ಮುಂದೆ ಬರೆದರು.

1885ರಲ್ಲಿ ಮತ್ತೊಂದು ಕಾಟ ಶುರುವಾಯಿತು. ಮನಸ್ಸಿಗೆ ಬಂದ ಸಣ್ಣ ಆಲೋಚನೆಯೂ ಪಾಪವೇ ಎಂಬ ಭಯ. ದಿನವೂ ಅಕ್ಕ ಮರಿಯಳ ಬಳಿ ಎಲ್ಲವನ್ನೂ ಹೇಳಿಕೊಂಡರೆ ಸ್ವಲ್ಪ ಸಮಾಧಾನ, ಮತ್ತೆ ಅದೇ ಶಂಕೆ. ತಲೆನೋವು ಹೆಚ್ಚಿ ಶಾಲೆಯನ್ನೇ ಬಿಡಬೇಕಾಯಿತು. ಇದಕ್ಕೆ ಧರ್ಮಸಭೆಯಲ್ಲಿ ಹಿಂದಿನಿಂದಲೂ ‘ಸ್ಕ್ರೂಪಲ್ಸ್’ ಎನ್ನುತ್ತಾರೆ. ಲತೀನಿನಲ್ಲಿ ಆ ಪದದ ಮೂಲಾರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡ ಹರಳೆನ್ನಿ. ನಡೆಯುವವರಿಗೆ ಮಾತ್ರ ಗೊತ್ತು.

ನಮ್ಮ ಮನೆಗಳಲ್ಲಿಯೂ ಇಂತಹ ಮಕ್ಕಳಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ 95 ಬಂದರೆ, ಉಳಿದ 5 ಎಲ್ಲಿ ಹೋಯಿತೆಂದು ನಾವು ಕೇಳುತ್ತೇವೆ. (ತಮಾಷೆಗೇ ಕೇಳುತ್ತೇವೆ, ನಿಜ.) ಮಗು ಅದನ್ನು ತಮಾಷೆಯೆಂದು ಕೇಳಿಸಿಕೊಳ್ಳುವುದಿಲ್ಲ. ಚೆನ್ನಾಗಿ ಓದುವ ಮಗುವಿಗೆ ಏನು ಕಷ್ಟ ಎಂದು ಯಾರೂ ವಿಚಾರಿಸುವುದೂ ಇಲ್ಲ.

ಪರಮ ತಂದೆಯಂತೆ ಪರಿಪೂರ್ಣರಾಗಿರಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ ಎಂದು ಕೆಲವರು ಕೇಳಬಹುದು. ಮತ್ತಾಯನ ಐದನೇ ಅಧ್ಯಾಯದಲ್ಲಿ ಆ ಮಾತಿನ ಹಿಂದಿನ ಸಾಲುಗಳನ್ನು ಓದೋಣ. ಅಲ್ಲಿರುವುದು ಒಳ್ಳೆಯವರು ಕೆಟ್ಟವರು ಎನ್ನದೆ ಎಲ್ಲರ ಮೇಲೂ ಸೂರ್ಯನನ್ನು ಉದಯಿಸುವಂತೆ ಮಾಡುವ, ಮಳೆ ಸುರಿಸುವ ತಂದೆ. ಅಲ್ಲಿ ಪರಿಪೂರ್ಣತೆ ಎಂದರೆ ಭೇದವೆಣಿಸದ ಪ್ರೀತಿ. ತಪ್ಪೇ ಆಗದ ಲೆಕ್ಕದ ಪುಸ್ತಕವಲ್ಲ.

ತೆರೇಸಮ್ಮನವರು ಒಂದೇ ದಿನದಲ್ಲಿ ಗುಣವಾಗಲಿಲ್ಲ. ಎಳೆಯ ವಯಸ್ಸಿನಲ್ಲೇ ತೀರಿಕೊಂಡ ತಮ್ಮ ನಾಲ್ವರು ಒಡಹುಟ್ಟಿದವರನ್ನು ನೆನೆದು ಪ್ರಾರ್ಥಿಸಿದಾಗ ಪಾಪಶಂಕೆ ಅಡಗಿತು. 1886ರ ಕ್ರಿಸ್ಮಸ್ ರಾತ್ರಿ ಅಳು ಹತೋಟಿಗೆ ಬಂತು. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಬೇಸರಿಸದೆ ಕೇಳಿಸಿಕೊಂಡ ಅಕ್ಕನೊಬ್ಬಳಿದ್ದಳು ಎಂಬುದನ್ನು ನಾವು ಮರೆಯಬಾರದು. ಪಾಪನಿವೇದನೆಯಲ್ಲಿ ಕ್ಷಮೆ ಪಡೆದ ಪಾಪವನ್ನೇ ಮತ್ತೆ ಮತ್ತೆ ತರುವವರು ಒಬ್ಬರೇ ಗುರುಗಳ ಬಳಿ ಹೋಗಿ ಅವರ ಮಾತಿನಂತೆ ನಡೆಯುವುದು ಒಳ್ಳೆಯದು. ನಿದ್ದೆ, ಊಟ ಬಿಟ್ಟುಹೋಗಿದ್ದರೆ ವೈದ್ಯರನ್ನೂ ಕಾಣಬೇಕು. ಅದು ವಿಶ್ವಾಸದ ಕೊರತೆಯಲ್ಲ.

ಹದಿನೈದನೇ ವಯಸ್ಸಿಗೆ ಕಾರ್ಮೆಲ್ ಮಠ ಸೇರಿದ ತೆರೇಸಮ್ಮನವರು ಅಲ್ಲಿ ಪ್ರಾರ್ಥನೆಯ ಹೊತ್ತಿನಲ್ಲಿ ವರ್ಷಗಟ್ಟಲೆ ತೂಕಡಿಸುತ್ತಿದ್ದರು. ಸಣ್ಣ ಆಲೋಚನೆಗೂ ನಡುಗುತ್ತಿದ್ದ ಅದೇ ಹುಡುಗಿ ಈಗ ಇದಕ್ಕೆ ಕೊರಗಲಿಲ್ಲ. ಎಚ್ಚರವಿರುವ ಮಗುವಿನಷ್ಟೇ ಮಲಗಿರುವ ಮಗುವೂ ತಂದೆತಾಯಿಗೆ ಮುದ್ದು ಎಂದುಕೊಂಡು ನೆಮ್ಮದಿಯಾಗಿದ್ದರು.