ಹಳ್ಳಿಹಾಡಿನ ಬೆನ್ನು ಹತ್ತಿದ ಪ್ರಾಧ್ಯಾಪಕರ ಪತ್ರಗಳು

ಬುಡಾಪೆಸ್ಟ್‌ನ ಸಂಗೀತ ಅಕಾಡೆಮಿಯಲ್ಲಿ ಓದು ಮುಗಿಸಿದ ಇಪ್ಪತ್ತೆರಡರ ಯುವಕನೊಬ್ಬ 1903ರಲ್ಲಿ ತಾಯಿಗೆ ಪತ್ರ ಬರೆದ. ಬದುಕಿರುವವರೆಗೂ ಹಂಗೆರಿ ನಾಡಿನ ಏಳಿಗೆಗೇ ದುಡಿಯುತ್ತೇನೆ ಎಂಬುದು ಅದರ ಸಾರ. ಮನೆಯಲ್ಲಿ ಜರ್ಮನ್ ಮಾತಾಡುವುದನ್ನು ಬಿಡಬೇಕೆಂದು ಆ ದಿನಗಳಲ್ಲಿ ಮನೆಯವರಿಗೂ ತಾಕೀತು ಮಾಡುತ್ತಿದ್ದ. ಅದೇ ವ್ಯಕ್ತಿ 1931ರ ಜನವರಿಯಲ್ಲಿ ರುಮೇನಿಯದ ಒಕ್ಟಾವಿಯನ್ ಬೆಯು ಅವರಿಗೆ ಬರೆದ ಪತ್ರದ ಧಾಟಿಯೇ ಬೇರೆ. ಯುದ್ಧ, ಹಗೆತನ ಏನೇ ಇರಲಿ, ಜನಾಂಗಗಳ ನಡುವಿನ ಸೋದರಭಾವಕ್ಕಾಗಿಯೇ ತಮ್ಮ ಸಂಗೀತ; ಸ್ಲೋವಾಕ್, ರುಮೇನಿಯನ್, ಅರಬ್ ಯಾವ ಸೆಲೆಯಿಂದ ಬಂದರೂ ಅದು ತಿಳಿಯಾಗಿದ್ದರೆ ಸಾಕು ಎಂದು ಅವರು ಅಲ್ಲಿ ಹೇಳಿಕೊಂಡಿದ್ದಾರೆ.

ಅವರು ಬೇಲಾ ಬಾರ್ಟೋಕ್ (1881–1945). ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಹು ದೊಡ್ಡ ಹೆಸರುಗಳಲ್ಲಿ ಒಂದು. ಅವರ ಕೃತಿಗಳ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಆದರೆ ಒಬ್ಬ ದೇಶಾಭಿಮಾನಿ ತನ್ನ ಅಭಿಮಾನವನ್ನು ಕಳೆದುಕೊಳ್ಳದೆಯೇ ನೆರೆಯವರನ್ನೂ ಪ್ರೀತಿಸಲು ಕಲಿತ ಬಗೆಯನ್ನು ತಿಳಿಯಲು ಅವರ ಪತ್ರಗಳನ್ನೇ ಓದಬೇಕು.

ಏಳನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡ ಹುಡುಗನನ್ನು ಶಾಲೆಯಲ್ಲಿ ಪಾಠ ಹೇಳಿ ಸಾಕಿದವರು ತಾಯಿ ಪೌಲಾ. 1907ರಲ್ಲಿ ತಾವು ಕಲಿತ ಅಕಾಡೆಮಿಯಲ್ಲೇ ಬಾರ್ಟೋಕ್ ಪಿಯಾನೋ ಪ್ರಾಧ್ಯಾಪಕರಾದರು. 1934ರವರೆಗೂ ಅಲ್ಲೇ ಇದ್ದರು. ಪಿಯಾನೋ ಮಾತ್ರ ಕಲಿಸಿದರು. ಸಂಗೀತ ರಚನೆಯನ್ನು ಕಲಿಸಲು ಕೇಳಿದವರಿಗೆಲ್ಲ ಕೊನೆಯವರೆಗೂ ಇಲ್ಲವೆಂದರು. ತರಗತಿಯ ಕೆಲಸ ಅವರಿಗೆ ಹೊಟ್ಟೆಪಾಡು. ರಜೆ ಬಂತೆಂದರೆ ಮೇಣದ ಸುರುಳಿಯ ಮೇಲೆ ದನಿ ಮುದ್ರಿಸುವ ಫೋನೋಗ್ರಾಫ್ ಹೊತ್ತು ಹಳ್ಳಿಗಳತ್ತ ಹೊರಟುಬಿಡುತ್ತಿದ್ದರು.

ಆ ಗೀಳು ಹತ್ತಿದ್ದು 1904ರಲ್ಲಿ. ಟ್ರಾನ್ಸಿಲ್ವೇನಿಯದಿಂದ ಮನೆಗೆಲಸಕ್ಕೆ ಬಂದಿದ್ದ ಲಿದಿ ದೋಶಾ ಎಂಬ ಹುಡುಗಿ ಹಾಡಿಕೊಳ್ಳುತ್ತಿದ್ದುದು ಅವರ ಕಿವಿಗೆ ಬಿತ್ತು. ನಗರದ ಹೋಟೆಲುಗಳಲ್ಲಿ ‘ಹಂಗೆರಿಯ ಸಂಗೀತ’ ಎಂದು ನುಡಿಸುತ್ತಿದ್ದುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಒಳ್ಳೊಳ್ಳೆಯ ಜನಪದ ಗೀತೆಗಳನ್ನು ಕಲೆಹಾಕುವ ಯೋಜನೆಯನ್ನು ಅದೇ ಡಿಸೆಂಬರಿನಲ್ಲಿ ತಂಗಿ ಎಲ್ಜಾಗೆ ಬರೆದು ತಿಳಿಸಿದರು. ಗೆಳೆಯ ಝೋಲ್ತಾನ್ ಕೊದಾಯ್ ಜೊತೆಯಾದರು.

ಈ ಸಂಗ್ರಹದ ಕೆಲಸ ಎಂಥದ್ದೆಂದು ತಿಳಿಯಲು 1907ರ ಆಗಸ್ಟ್‌ನ ಒಂದು ಪತ್ರವೇ ಸಾಕು. ತಾವು ಮನಸೋತಿದ್ದ ಪಿಟೀಲುಗಾರ್ತಿ ಸ್ಟೆಫಿ ಗೆಯರ್ ಅವರಿಗೆ ಟ್ರಾನ್ಸಿಲ್ವೇನಿಯದಿಂದ ಬರೆದದ್ದು. ಹಳ್ಳಿಯ ಹೆಂಗಸೊಬ್ಬಳ ಜೊತೆ ನಡೆದ ಮಾತುಕತೆಯನ್ನು ನಾಟಕದ ಸಂಭಾಷಣೆಯಂತೆಯೇ ಬರೆದು ಕಳಿಸಿದ್ದಾರೆ. ಇವರು ಕೇಳುವುದು ಹಳೆಯ ಹಾಡು; ಆಕೆ ನೆನಪಿಸಿಕೊಳ್ಳುವುದು ಹೊಸದು. ಅದು ಬೇಡವೆಂದರೆ ದೇವರ ಹಾಡಿಗೆ ಬರುತ್ತಾಳೆ. ಅದೂ ಅಲ್ಲವೆಂದರೆ ಬೇರೆಯವರನ್ನು ಕೇಳಿ ಎನ್ನುತ್ತಾಳೆ. ಪೇಟೆಯ ಯಜಮಾನರು ಇಷ್ಟು ದೂರ ಬಂದು ಅಜ್ಜಿಯ ಕಾಲದ ಹಾಡು ಕೇಳುವುದೇಕೆಂಬುದು ಆಕೆಗೆ ಬಗೆಹರಿಯದ ಒಗಟು. ದಣಿವು, ಬೇಸರ, ಹಟ ಎಲ್ಲವೂ ಆ ಸಾಲುಗಳಲ್ಲಿವೆ. ಆದರೆ ಆಕೆಯ ಬಗ್ಗೆ ತಾತ್ಸಾರದ ಒಂದು ಮಾತೂ ಇಲ್ಲ. ನನಗೆ ಆ ಪತ್ರ ಅಚ್ಚುಮೆಚ್ಚಾಗಿರುವುದು ಇದಕ್ಕೇ. ಮುಂದಿನ ವರ್ಷ ಗೆಯರ್ ದೂರವಾದರು. ಅವರಿಗಾಗಿ ರಚಿಸಿದ ಪಿಟೀಲು ಕಾನ್ಸರ್ಟೊದ ಹಸ್ತಪ್ರತಿಯನ್ನು ಮಾತ್ರ ಆಕೆ ಕೊನೆಯವರೆಗೂ ಕಾಪಾಡಿಕೊಂಡಿದ್ದರು. 1956ರಲ್ಲಿ ಆಕೆ ತೀರಿಕೊಂಡ ಮೇಲೆಯೇ ಅದು ಲೋಕಕ್ಕೆ ಕೇಳಿಸಿತು.

ಹಂಗೆರಿಯ ಹಾಡಿಗೆಂದು ಹೊರಟವರು ಪಕ್ಕದೂರಿನ ಸ್ಲೋವಾಕ್, ರುಮೇನಿಯನ್ ಹಾಡುಗಳನ್ನು ಕೇಳಿ ಅಲ್ಲಿಯೂ ನಿಂತರು. ಆ ಭಾಷೆಗಳನ್ನು ಕಲಿತರು. 1913ರಲ್ಲಿ ಅಲ್ಜೀರಿಯದ ಬಿಸ್ಕ್ರಾಕ್ಕೆ, 1936ರಲ್ಲಿ ಟರ್ಕಿಗೆ ಹೋದರು. ಬೆಲೆನ್ಯೆಶ್ ಊರಿನ ರುಮೇನಿಯನ್ ಮಾಸ್ತರ ಇಯೋನ್ ಬುಶೀತ್ಸಾ ಅವರ ಆಪ್ತರಾದರು. ಜನಪ್ರಿಯವಾದ ‘ರುಮೇನಿಯನ್ ಜನಪದ ನೃತ್ಯಗಳು’ (1915) ಅರ್ಪಣೆಯಾಗಿರುವುದು ಇವರಿಗೇ. ಮೊದಲ ಮಹಾಯುದ್ಧ ಮುಗಿದಾಗ ಗಡಿಗಳು ಸರಿದು ಬೆಲೆನ್ಯೆಶ್ ಮಾತ್ರವಲ್ಲ, ಬಾರ್ಟೋಕ್ ಹುಟ್ಟಿದೂರೂ ರುಮೇನಿಯಕ್ಕೆ ಸೇರಿತು. ರುಮೇನಿಯನ್ನರ ಹಾಡಿನ ಬಗ್ಗೆ ಲೇಖನ ಪ್ರಕಟಿಸಿದ್ದಕ್ಕೆ 1920ರಲ್ಲಿ ಬುಡಾಪೆಸ್ಟ್‌ನ ಪತ್ರಿಕೆಗಳಲ್ಲಿ ಅವರ ದೇಶಭಕ್ತಿಯನ್ನೇ ಪ್ರಶ್ನಿಸಲಾಯಿತು. ಬಾರ್ಟೋಕ್ ಜಗ್ಗಲಿಲ್ಲ.

1938ರ ಏಪ್ರಿಲ್‌ನಲ್ಲಿ, ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ ಕೆಲವೇ ವಾರಗಳಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸ್ನೇಹಿತೆ ಮ್ಯೂಲರ್-ವಿಡ್ಮನ್ ಅವರಿಗೆ ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲ. ಹಂಗೆರಿಯೂ ಆ ಕಳ್ಳರು, ಕೊಲೆಗಡುಕರ ಆಳ್ವಿಕೆಗೆ ತಲೆಬಾಗಲಿದೆ ಎಂಬ ಭಯ. ಬಿಟ್ಟು ಹೊರಡೋಣವೆಂದರೆ ವಯಸ್ಸಾದ ತಾಯಿ. ಆರ್ಯ ರಕ್ತದವರೇ ಎಂದು ಕೇಳುವ ಅರ್ಜಿ ಬಂದಾಗ ಅವರೂ ಕೊದಾಯ್ ಅವರೂ ಅದನ್ನು ತುಂಬಲು ಒಪ್ಪಲಿಲ್ಲ. 1939ರ ಡಿಸೆಂಬರಿನಲ್ಲಿ ತಾಯಿ ತೀರಿಕೊಂಡರು. ಮರುವರ್ಷ ದೇಶ ಬಿಡುವ ಮುನ್ನ ಉಯಿಲು ಬರೆದಿಟ್ಟರು: ಬುಡಾಪೆಸ್ಟ್‌ನಲ್ಲಿ ಹಿಟ್ಲರ್, ಮುಸೊಲಿನಿ ಹೆಸರಿನ ಚೌಕಗಳು ಇರುವತನಕ ದೇಶದ ಯಾವ ಬೀದಿಗೂ ತನ್ನ ಹೆಸರಿಡಕೂಡದು.

ಅಮೆರಿಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, ಜೊತೆಗೆ ಕೆಲಸವನ್ನೂ. ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯದಲ್ಲಿ ಧ್ವನಿಮುದ್ರಿಸಿದ್ದ ಹಾಡುಗಳನ್ನು ಕೇಳಿ ಸ್ವರಲಿಪಿಗೆ ಇಳಿಸುವ ಕೆಲಸವದು. ಅವರಿಗೆ ಹೇಳಿ ಮಾಡಿಸಿದಂತಿತ್ತು. 1942ರ ಕೊನೆಗೆ ಅದೂ ಮುಗಿಯಿತು, ಮೈಯಲ್ಲಿ ಜ್ವರ ನಿಲ್ಲಲಿಲ್ಲ. ರಚನಕಾರನಾಗಿ ನನ್ನ ಕಾಲ ಮುಗಿದಂತೆಯೇ ಎಂದು ಹಳೆಯ ಶಿಷ್ಯೆಗೆ ಬರೆದ ಪತ್ರವನ್ನು ಓದುವಾಗ ಕಣ್ಣು ತುಂಬುತ್ತದೆ. ಮರುವರ್ಷ ಬಾಸ್ಟನ್ ವಾದ್ಯವೃಂದದ ನಿರ್ದೇಶಕ ಕುಸೆವಿಟ್‌ಸ್ಕಿ ಆಸ್ಪತ್ರೆಗೇ ಬಂದು ಹೊಸ ಕೃತಿ ಬೇಕೆಂದರು. ಹಾಗೆ ಹುಟ್ಟಿದ ‘ಕಾನ್ಸರ್ಟೊ ಫಾರ್ ಆರ್ಕೆಸ್ಟ್ರಾ’ 1944ರ ಡಿಸೆಂಬರ್ 1ರಂದು ಬಾಸ್ಟನ್‌ನಲ್ಲಿ ಮೊದಲ ಬಾರಿ ನುಡಿಯಿತು. ಮುಂದಿನ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್‌ನಲ್ಲಿ ರಕ್ತದ ಕ್ಯಾನ್ಸರ್‌ನಿಂದ ಬಾರ್ಟೋಕ್ ತೀರಿಕೊಂಡಾಗ, ಪತ್ನಿ ದಿತ್ತಾಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬರೆಯುತ್ತಿದ್ದ ಮೂರನೆಯ ಪಿಯಾನೋ ಕಾನ್ಸರ್ಟೊದ ಕೊನೆಯ 17 ಆವರ್ತಗಳು ಬಾಕಿ ಇದ್ದವು. 1988ರಲ್ಲಿ ಅವರ ಅವಶೇಷವನ್ನು ಬುಡಾಪೆಸ್ಟ್‌ಗೆ ತರಲಾಯಿತು.

ಯಾನೊಶ್ ದೆಮೆನಿ ಸಂಪಾದಿಸಿದ ಪತ್ರಗಳ ಆಯ್ದ ಸಂಪುಟ ಇಂಗ್ಲಿಷಿನಲ್ಲಿ 1971ರಿಂದಲೂ ಇದೆ. ಬಾರ್ಟೋಕ್ ಸಂಗೀತ ಗಡುಸು ಎಂಬ ಅಳುಕಿರುವವರು ಮೊದಲು ಆರೇಳು ನಿಮಿಷದ ‘ರುಮೇನಿಯನ್ ಜನಪದ ನೃತ್ಯಗಳು’ ಕೇಳಲಿ, ಆಮೇಲೆ ಪತ್ರಗಳಿಗೆ ಬರಲಿ.