ಕಿರಿದಾದ ತೂಬು

ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭಾ ನದಿಗೆ ಅಡ್ಡಲಾಗಿ ಕಟ್ಟಿದ ರಾಜಾ ಲಖಮಗೌಡ ಜಲಾಶಯವು ಸುಮಾರು 51 ಟಿ.ಎಂ.ಸಿ. ನೀರನ್ನು ತನ್ನ ಒಡಲಲ್ಲಿ ಹಿಡಿದಿಡಬಲ್ಲದು. ಅಲ್ಲಿಂದ ಹೊರಟ ನೀರು ನದಿಯಲ್ಲಿ ಹರಿದು ಗೋಕಾಕ ತಾಲೂಕಿನ ಧೂಪದಾಳವನ್ನು ತಲುಪುತ್ತದೆ. ಅಲ್ಲಿ 1897ರಲ್ಲಿ ನಿರ್ಮಾಣಗೊಂಡ ಒಡ್ಡಿನಿಂದ ಹೊರಡುವ ಎಡದಂಡೆ ಕಾಲುವೆಯು ಮೂಡಲಗಿ ಸೀಮೆಯ ಕಬ್ಬು, ಗೋವಿನಜೋಳಗಳ ಹೊಲಗಳಿಗೆ ನೀರುಣಿಸುತ್ತದೆ. ಜಲಾಶಯವು ತುಂಬಿ ತುಳುಕುತ್ತಿದ್ದರೂ ಕಾಲುವೆಯ ಕೊನೆಯ ಹೊಲಕ್ಕೆ ನೀರು ಸಾಲದೆ ಹೋಗುವುದುಂಟು. ನಡುವೆ ಎಲ್ಲಿಯೋ ಹೂಳು ತುಂಬಿರಬಹುದು. ಇಲ್ಲವೇ ತೂಬು ಕಿರಿದಾಗಿರಬಹುದು. ಕೊನೆಯ ಹೊಲದ ಪಾಲನ್ನು ನಿರ್ಧರಿಸುವುದು ಜಲಾಶಯದ ವಿಸ್ತಾರವಲ್ಲ, ದಾರಿಯಲ್ಲಿರುವ ಅತ್ಯಂತ ಇಕ್ಕಟ್ಟಾದ ಎಡೆ.

ಮಾಹಿತಿಯ ಹರಿವೂ ಇದೇ ನಿಯಮಕ್ಕೆ ಒಳಪಟ್ಟಿದೆ. ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯು ತಾಲೂಕು ಕಚೇರಿಗಳ ಹಳೆಯ ಕಾಗದಪತ್ರಗಳ ಛಾಯಾಪ್ರತಿಗಳನ್ನು ಗಣಕದಲ್ಲಿ ಉಳಿಸುವ ಕಾರ್ಯವನ್ನು ಕೈಗೊಂಡಿತು. ಇಂತಹ ಛಾಯಾಪ್ರತಿಗಳನ್ನು ಒಂದೇ ಗಣಕಯಂತ್ರದಲ್ಲಿ ಇರಿಸುವುದು ಕ್ಷೇಮವಲ್ಲ. ಆದುದರಿಂದ ಅನೇಕ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ ಜಾಲಕ್ಕೆ ಜೋಡಿಸಿದ ಸಂಗ್ರಹಪೆಟ್ಟಿಗೆಯೊಂದು ಇರುತ್ತದೆ. ಇದರಲ್ಲಿ ಎರಡು ಅಥವಾ ಹೆಚ್ಚು ಹಾರ್ಡ್ ಡಿಸ್ಕ್‌ಗಳಿದ್ದು, ಜಾಲದಲ್ಲಿರುವ ಗಣಕಯಂತ್ರಗಳೆಲ್ಲವೂ ತಮ್ಮ ಕಡತಗಳನ್ನು ಇದಕ್ಕೆ ಕಳುಹಿಸಬಹುದು. ಗಣಕದಿಂದ ಹೊರಟ ಕಡತವು ಕೇಬಲ್ಲಿನ ಮೂಲಕ ‘ಸ್ವಿಚ್’ ಎಂಬ ಕೂಡುಪೆಟ್ಟಿಗೆಯನ್ನು ಹಾಯ್ದು ಸಂಗ್ರಹಪೆಟ್ಟಿಗೆಯನ್ನು ಸೇರುತ್ತದೆ.

ಕೆಲವೊಮ್ಮೆ ಈ ಸಾಗಾಟವು ಆಮೆಯ ನಡಿಗೆಯಾಗುತ್ತದೆ. ಆಗ ಪೆಟ್ಟಿಗೆಯೇ ಕೆಟ್ಟಿತೆಂದು ಬಗೆದು ಹೊಸದನ್ನು ಕೊಳ್ಳುವವರುಂಟು. ತಾಳ್ಮೆಗೆಟ್ಟು ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವವರೂ ಉಂಟು. ಎರಡೂ ಅವಿವೇಕವೇ. ಮೊದಲು ಮಾಡಬೇಕಾದುದು ಲೆಕ್ಕ.

ಜಾಲದ ವೇಗವನ್ನು ಬಿಟ್‌ಗಳಲ್ಲಿಯೂ ಕಡತದ ಗಾತ್ರವನ್ನು ಬೈಟ್‌ಗಳಲ್ಲಿಯೂ ಹೇಳುವುದು ರೂಢಿ. 8 ಬಿಟ್‌ಗಳು ಸೇರಿದರೆ 1 ಬೈಟ್. ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ಜಾಲವು ಹೆಚ್ಚೆಂದರೆ 12.5 ಮೆಗಾಬೈಟ್‌ಗಳನ್ನು ಮಾತ್ರ ಸಾಗಿಸಬಲ್ಲದು. 90 ಗಿಗಾಬೈಟ್ ಛಾಯಾಪ್ರತಿಗಳಿಗೆ ಅಲ್ಲಿ 2 ಗಂಟೆ ಬೇಕು. ಸೆಕೆಂಡಿಗೆ 1000 ಮೆಗಾಬಿಟ್‌ನ ಜಾಲದಲ್ಲಿ ವ್ಯವಹಾರದಲ್ಲಿ ದೊರೆಯುವ ವೇಗ ಸುಮಾರು 110 ಮೆಗಾಬೈಟ್. ಅದೇ ಕೆಲಸ ಅಲ್ಲಿ ಸುಮಾರು 14 ನಿಮಿಷಗಳಲ್ಲಿ ಮುಗಿಯುತ್ತದೆ. ಜಾಲವು ಎರಡನೆಯ ಬಗೆಯದಾಗಿದ್ದು ವೇಗವು ಮೊದಲನೆಯದರಂತೆ ಇದ್ದರೆ, ದಾರಿಯಲ್ಲಿ ಎಲ್ಲಿಯೋ ತೂಬು ಕಿರಿದಾಗಿದೆಯೆಂದೇ ಅರ್ಥ.

ಅನೇಕ ವೇಳೆ ಆ ತೂಬು ಕೇಬಲ್ಲೇ ಆಗಿರುತ್ತದೆ. ಜಾಲದ ಕೇಬಲ್ಲಿನೊಳಗೆ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. 1000 ಮೆಗಾಬಿಟ್‌ನ ವೇಗಕ್ಕೆ ನಾಲ್ಕು ಜೋಡಿಗಳೂ ಬೇಕು. 100ಕ್ಕೆ ಎರಡೇ ಸಾಕು. ಬಾಗಿಲ ಸಂದಿಯಲ್ಲಿ ಸಿಕ್ಕಿಯೋ ಇಲಿ ಕಡಿದೋ ಒಂದು ತಂತಿ ತುಂಡಾದರೆ ಸಂಪರ್ಕವು ಕಡಿದುಹೋಗದೆ ಹತ್ತನೆಯ ಒಂದು ಪಾಲು ವೇಗಕ್ಕೆ ಇಳಿಯಬಹುದು. ಹಳೆಯ ಸ್ವಿಚ್ ಒಂದು ನಡುವೆ ಉಳಿದಿದ್ದರೂ ಫಲ ಇದೇ.

ಕೇಬಲ್ಲಿಲ್ಲದ ವೈಫೈ ಸಂಪರ್ಕದಲ್ಲಿ ಗೋಡೆಗಳು ಸಂಕೇತವನ್ನು ಕುಗ್ಗಿಸುತ್ತವೆ. ಕೋಣೆಯಲ್ಲಿರುವ ಎಲ್ಲ ಯಂತ್ರಗಳೂ ಒಂದೇ ಅಲೆಯ ಹಾದಿಯನ್ನು ಹಂಚಿಕೊಳ್ಳುತ್ತವೆ. ಕಡತಗಳ ಸಂಖ್ಯೆಯೂ ಗಮನಾರ್ಹ. ಪ್ರತಿ ಕಡತಕ್ಕೂ ಹೆಸರು ಬರೆಯುವ, ತೆರೆಯುವ, ಮುಚ್ಚುವ ವಿಧಿಗಳಿರುವುದರಿಂದ ಒಂದು ದೊಡ್ಡ ಕಡತಕ್ಕಿಂತ ಅಷ್ಟೇ ಗಾತ್ರದ ಸಾವಿರಾರು ಸಣ್ಣ ಕಡತಗಳು ನಿಧಾನವಾಗಿ ಸಾಗುತ್ತವೆ. ಕೊನೆಯದಾಗಿ, ಪೆಟ್ಟಿಗೆಯ ಒಂದು ಡಿಸ್ಕ್ ಕೆಟ್ಟು ಹೊಸದನ್ನು ಹಾಕಿದಾಗ, ಉಳಿದ ಡಿಸ್ಕ್‌ಗಳ ಆಧಾರದಿಂದ ಅದನ್ನು ತುಂಬಿಕೊಳ್ಳುವ ಕಾರ್ಯ ಒಳಗೆ ನಡೆಯುತ್ತಿರುತ್ತದೆ. ಆಗಿನ ನಿಧಾನವು ದೋಷವಲ್ಲ. ಆ ಹೊತ್ತಿನಲ್ಲಿ ಕಾಯುವುದೇ ಲೇಸು.

ಇಷ್ಟು ಕಾರಣಗಳಲ್ಲಿ ನಿಜವಾದುದು ಯಾವುದೆಂದು ಅರಿಯುವ ಬಗೆ ಸರಳವಾದುದು. ಒಂದೇ ದೊಡ್ಡ ಕಡತವನ್ನು ಪ್ರತಿಸಲವೂ ಕಳುಹಿಸಿ, ತಗಲಿದ ಕಾಲವನ್ನು ಬರೆದಿಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು: ಮೊದಲು ವೈಫೈ ಬಿಟ್ಟು ಕೇಬಲ್, ಬಳಿಕ ಬೇರೊಂದು ಕೇಬಲ್, ಅನಂತರ ಸ್ವಿಚ್ಚಿನ ಬೇರೊಂದು ರಂಧ್ರ. ಕೇಬಲ್ಲನ್ನೂ ಸ್ವಿಚ್ಚನ್ನೂ ಒಟ್ಟಿಗೆ ಬದಲಿಸಿದವನಿಗೆ ವೇಗವು ಮರಳಿ ದೊರೆತೀತು. ಆದರೆ ತಪ್ಪು ಯಾವುದರಲ್ಲಿತ್ತೆಂಬ ಅರಿವು ದೊರೆಯದು. ವೇಗವು ಸರಿಹೋದ ಮೇಲೂ, ಕಡತಗಳೆಲ್ಲ ಪೂರ್ಣವಾಗಿ ತಲುಪಿವೆಯೆಂದು ತೆರೆದು ನೋಡುವವರೆಗೆ ಮೂಲಪ್ರತಿಯನ್ನು ಅಳಿಸಕೂಡದು.

ಏಕೆಂದರೆ ಕಾಲುವೆಯಲ್ಲಿ ತಡವಾದ ನೀರು ನಾಳೆ ಬಂದೀತು. ಅರ್ಧಕ್ಕೆ ನಿಂತ ಪ್ರತಿಯನ್ನು ನಂಬಿ ಅಳಿಸಿದ ದಾಖಲೆ ಮರಳಿ ಬಾರದಿರಬಹುದು. ಅದು ಯಾವುದೋ ಮನೆತನದ ಹಳೆಯ ಉತಾರವೇ ಆಗಿದ್ದರೆ, ಅದರೊಡನೆ ಆ ಹೊಲದ ಹಕ್ಕಿನ ಸಾಕ್ಷಿಯೂ ಅಳಿದಂತೆ. ನೀರು ನಿಂತಾಗ ಅನುಭವಿಯಾದ ರೈತನು ಜಲಾಶಯವನ್ನು ಹಳಿಯುವುದಿಲ್ಲ; ಸಲಿಕೆ ಹಿಡಿದು ಕಾಲುವೆಯ ಗುಂಟ ನಡೆದು ತೂಬು ತೂಬನ್ನೂ ನೋಡುತ್ತಾನೆ. ಯಂತ್ರಗಳ ನಡುವೆ ದುಡಿಯುವವರಿಗೂ ಅದೇ ದಾರಿ.